ಧಾರವಾಡದಲ್ಲಿ ಬಡಾವಣೆಯ ಮಕ್ಕಳಿಗೆ ನಿಸರ್ಗದ ರುಚಿ ಹಚ್ಚಿಸಲು ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಬಡಾವಣೆಯಲ್ಲಿ 6ರಿಂದ 13 ವಯಸ್ಸಿನ 40 ಮಕ್ಕಳಿದ್ದಾರೆ, ಮೊದಲ ಭಾನುವಾರವೇ ಬಸ್ ಮಾಡಿಕೊಂಡು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದರೆ ಹೇಗೆ ಅಂತ ಕೇಳಿದ್ದೀರಿ. ಬಸ್ಸನ್ನು ಸದ್ಯಕ್ಕೆ ಬಿಡಿ. ನಡೆದು ಹೋಗುವಷ್ಟು ಹತ್ತಿರದ ಒಂದೇ ಜಾಗ ಹಿಡಿಯಿರಿ. ಕೆಲಗೇರಿ ಕೆರೆ, ಸಾಧನಕೇರಿ, ಏನೂ ಇಲ್ಲದಿದ್ದರೆ ಓಣಿಯ ಕೊನೆಯ ನಾಲ್ಕು ಹೊಂಗೆಮರ. ಹದಿನೈದು ದಿನಕ್ಕೊಮ್ಮೆ ಅಲ್ಲಿಗೇ ಹೋಗಿ. ಒಂದೇ ಸಲ ನೋಡಿದರೆ ಹೊಂಗೆ ಬರೀ ಒಂದು ಮರ. ಎಲೆ ಉದುರಿ ಬೋಳಾದದ್ದು, ಆಮೇಲೆ ಎಳೆ ಹಸಿರು ಚಿಗುರಿದ್ದು, ಕೆಳಗೆಲ್ಲ ಹೂ ಹಾಸಿದ್ದು ಕಾಣಬೇಕಾದರೆ ಹಿಂದಿನ ಸಲ ಹೇಗಿತ್ತೆಂದು ಗೊತ್ತಿರಬೇಕಲ್ಲ?

ನಡಿಗೆಗೆ 40 ಮಕ್ಕಳು ಒಟ್ಟಿಗೆ ಬೇಡ, 12ರಿಂದ 15 ಸಾಕು. ಜೊತೆಗೆ ಮೂವರು ದೊಡ್ಡವರು: ಒಬ್ಬರು ಮುಂದೆ, ಒಬ್ಬರು ಹಿಂದೆ, ಮೂರನೆಯವರು ಸದಾ ನೀರಿನ ಮಗ್ಗುಲಿಗೆ. ತಲೆ ಎಣಿಸುವುದೂ ಅವರದೇ ಕೆಲಸ. ಬೆಳಿಗ್ಗೆ 6:45ಕ್ಕೆ ಹೊರಟು 8:15ಕ್ಕೆ ಮುಗಿಸಿ, ಆಮೇಲೆ ಹಸಿವು, ಬಿಸಿಲು ಎರಡೂ ಏರುತ್ತವೆ. ಹೆಜ್ಜೇನು ಕಟ್ಟಿದ ಮರದಡಿ ನಿಲ್ಲಬೇಡಿ, ಅತ್ತರು ಹಾಕಿಕೊಂಡು ಬರಬೇಡಿ ಅಂತ ಮೊದಲೇ ಹೇಳಿಬಿಡಿ. ಮಳೆಗಾಲದಲ್ಲಿ ಎರಿ (ಕಪ್ಪು) ಮಣ್ಣಿನ ದಂಡೆ ಜಾರುತ್ತದೆ, ನೀರಿನಿಂದ ಹತ್ತಡಿ ದೂರವೇ ಇರಿ.

ದುಡ್ಡು ಹಾಳಾಗುವುದು ಬೈನಾಕ್ಯುಲರ್‌ನಲ್ಲಿ. ಅದರ ಮೇಲಿನ ಮೊದಲ ಅಂಕೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆಂದು, ಎರಡನೆಯದು ಮುಂದಿನ ಗಾಜಿನ ಅಗಲ ಎಷ್ಟು ಮಿಲಿಮೀಟರ್ ಎಂದು. ಅಂಗಡಿಯವರು 20x50 ತೋರಿಸಿ "ಇದು ಪವರ್‌ಫುಲ್ ಐತ್ರಿ" ಅನ್ನುತ್ತಾರೆ. ಅದು ಕೈನಡುಕವನ್ನೂ ಇಪ್ಪತ್ತು ಪಟ್ಟು ಮಾಡುತ್ತದೆ, ಹಕ್ಕಿ ನಿಲ್ಲುವುದೇ ಇಲ್ಲ. 8x40 ಅಥವಾ 8x42 ತಗೊಳ್ಳಿ, ಐದು ಮಕ್ಕಳಿಗೆ ಒಂದು ಸಾಕು. ಸಣ್ಣ ಮಕ್ಕಳ ಕಣ್ಣುಗಳ ನಡುವಿನ ಅಂತರ ಕಡಿಮೆ, ಆದರೆ ಬಹಳಷ್ಟು ಬೈನಾಕ್ಯುಲರ್‌ಗಳು ಸುಮಾರು 56 ಮಿಲಿಮೀಟರಿಗಿಂತ ಒಳಗೆ ಮಡಚುವುದಿಲ್ಲ. ಮಗುವಿಗೆ ಕಾಣುವುದು ಕರೀ ನೆರಳು ಮಾತ್ರ, ಆದರೂ ಎಲ್ಲರೆದುರು ನಾಚಿ "ಹ್ಞೂಂ, ಕಂಡಿತು" ಅನ್ನುತ್ತದೆ. ಅಂಥವರಿಗೆ ಒಂದೇ ಕಣ್ಣಿನಿಂದ ನೋಡಲು ಕಲಿಸಿ. ಹಕ್ಕಿ ನೋಡುವ ಮೊದಲು ಲೈಟ್‌ಕಂಬದ ಮೇಲೆ ರೂಢಿ ಮಾಡಿಸಿ: ಬರಿಗಣ್ಣಲ್ಲಿ ಗುರಿ ಹಿಡಿ, ದೃಷ್ಟಿ ಕದಲಿಸದೆ ಬೈನಾಕ್ಯುಲರ್ ಕಣ್ಣಿಗೆ ತಾ. ಸೂರ್ಯನ ಕಡೆ ಮಾತ್ರ ತಿರುಗಿಸಲೇಕೂಡದು.

ದೊಡ್ಡವರು ಮಾಡುವ ತಪ್ಪು ಒಂದೇ: ಥಟ್ಟನೆ ಹೆಸರು ಹೇಳಿಬಿಡುವುದು. ಕೆರೆಯಲ್ಲಿನ ನೀರುಹಕ್ಕಿ ತೋರಿಸಿ "ಅದು ನಾಮದ ಕೋಳಿ" ಅಂದ ಕೂಡಲೇ ಮಗು ನೋಡುವುದನ್ನು ಬಿಟ್ಟು ಮುಂದಿನದಕ್ಕೆ ಓಡುತ್ತದೆ. ಮುಳುಗುತ್ತದೋ ತೇಲುತ್ತದೋ, ಕೊಕ್ಕಿನ ಬಣ್ಣ ಏನು, ಒಂಟಿಯೋ ಗುಂಪೋ ಅಂತ ಮೂರು ಪ್ರಶ್ನೆಗೆ ಉತ್ತರ ನೋಟ್‌ಬುಕ್ಕಿಗೆ ಬಿದ್ದ ಮೇಲೆ ಹೆಸರು ಹೇಳಿ. ಪ್ರತಿ ಮಗುವಿಗೂ ಒಂದು ಮರ ಕೊಡಿ. ಚಿಗುರು, ಹೂ, ಕಾಯಿ ಇವಕ್ಕೆ ಇಲ್ಲ, ಸ್ವಲ್ಪ, ಬಹಳ ಎಂದಷ್ಟೇ ಗುರುತು ಹಾಕಲಿ. ಗುರುತಿನ ಚೀಟಿಗೆ ಮೊಳೆ ಹೊಡೆಯಬೇಡಿ, ಸಡಿಲವಾಗಿ ನಾರು ಕಟ್ಟಿ.

ಮಳೆ ಹಿಡಿದ ಭಾನುವಾರಕ್ಕೆ ಮಣ್ಣಿನ ಬಾಟಲಿ. ಈ ಪಾಠಕ್ಕೆ ಧಾರವಾಡದಂಥ ಊರು ಸಿಗುವುದು ಕಷ್ಟ: ನವಲಗುಂದದ ಕಡೆ ಎರಿ, ಕಲಘಟಗಿಯ ಕಡೆ ಕೆಂಪು. ಒಂದು ಲೀಟರಿನ ಎರಡು ಪಾರದರ್ಶಕ ಬಾಟಲಿಗಳಲ್ಲಿ ಮೂರನೇ ಒಂದು ಭಾಗ ಪುಡಿ ಮಾಡಿದ ಮಣ್ಣು, ಒಂದು ಚಮಚ ಸೋಪಿನ ಪುಡಿ, ಕಂಠದ ಸ್ವಲ್ಪ ಕೆಳಗಿನವರೆಗೆ ನೀರು. ಐದು ನಿಮಿಷ ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಉಸುಕು ಒಂದು ನಿಮಿಷದಲ್ಲಿ ತಳ ಸೇರುತ್ತದೆ, ರೇವೆ (ಉಸುಕಿಗಿಂತ ಸಣ್ಣ ಕಣ) ಒಂದೆರಡು ತಾಸಿನಲ್ಲಿ. ಎಲ್ಲಕ್ಕಿಂತ ಸಣ್ಣ ಕಣವಾದ ಜೇಡಿಗೆ ಒಂದು ದಿನವೂ ಸಾಲದು. ಎರಿ ಮಣ್ಣಿನ ಬಾಟಲಿ ಮರುದಿನವೂ ರಾಡಿಯಾಗಿಯೇ ಇರುತ್ತದೆ. ಸೋಪಿನ ಪುಡಿ ಮರೆತರೆ ಜೇಡಿ ಹೆಂಟೆಯಾಗಿಯೇ ಮುಳುಗಿ, ಉಸುಕಿನ ಹಾಗೆ ಕಂಡು ಮೋಸ ಮಾಡುತ್ತದೆ. ಇದೇ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದು ಅದಕ್ಕೇ. ಏಪ್ರಿಲ್‌ನಲ್ಲಿ ಅದೇ ಮಕ್ಕಳಿಂದ ಆ ಬಿರುಕಿಗೆ ಕಡ್ಡಿ ಇಳಿಸಿ ಆಳ ಅಳೆಸಿ.

ಸಸಿ ನೆಡುವ ಸಮಾರಂಭದ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಜುಲೈನಲ್ಲಿ ನೂರು ನೆಟ್ಟು ಫೋಟೊ ತೆಗೆಸಿಕೊಂಡರೆ ಮಾರ್ಚ್‌ನಲ್ಲಿ ನೀರು ಹಾಕುವವರು ಯಾರು? ಐದು ನೆಡಿ, ನೀರಿನ ಪಾಳಿ ಗೋಡೆಗೆ ಅಂಟಿಸಿ.

ಮಾಗಡಿಗೆ ಜನವರಿಯಲ್ಲಿ ಹೋಗಿ, ಅಷ್ಟರಲ್ಲಿ ಬೈನಾಕ್ಯುಲರ್ ಕೈಗೆ ಕೂತಿರುತ್ತದೆ. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿದ ಕೆರೆ ಅದು. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಚಳಿಗಾಲ ಕಳೆಯುತ್ತವೆ. ಅವು ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ ಕೆರೆಗೆ ಮರಳುತ್ತವೆ, ಹಾಗಾಗಿ ನೀರು ಖಾಲಿ ಕಂಡರೆ ತಿರುಗಿ ಬರಬೇಡಿ, ದಂಡೆಯ ಮೇಲೆ ಸದ್ದಿಲ್ಲದೆ ಕಾಯಿರಿ.