ಸ್ವೈಪ್ ಮೆಷಿನ್‌ನಲ್ಲಿ 'ಟ್ಯಾಂಪರ್' ಅಂತ ಬಂದ್ರೆ

ಕೆಳಗೆ ಬಿದ್ದ ಸ್ವೈಪ್ ಮೆಷಿನ್‌ನ ಸ್ಕ್ರೂ ಬಿಚ್ಚಿ ನೋಡಿದೆ, ಮತ್ತೆ ಮುಚ್ಚಿದರೂ 'ಟ್ಯಾಂಪರ್' (ಅಂದ್ರೆ ಯಾರೋ ಒಳಗೆ ಕೈಹಾಕಿದ್ದಾರೆ) ಅಂತಲೇ ತೋರಿಸುತ್ತಿದೆ, ರೀಸೆಟ್ ಹೇಗೆ ಅಂತ ಕೇಳಿದ್ದೀರಿ. ಅಂಗಡಿಯಲ್ಲಿ ಕೂತು ಮಾಡೋಕಾಗಲ್ಲ ಸರ್. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡಿದೆ ಅಷ್ಟೇ.

ಗಿರಾಕಿ ಒತ್ತುವ ಪಿನ್ ಯಾರಿಗೂ ಓದಲಾಗದಂತೆ ಮಾಡುವ ರಹಸ್ಯ ಕೀ, ಅಂದ್ರೆ ಒಂದು ಗುಪ್ತ ಸಂಖ್ಯೆ, ಒಳಗಿನ ಚಿಪ್‌ನಲ್ಲಿರುತ್ತದೆ. ಅದನ್ನು ಕಾಯಲು ಒಂದು ಪುಟ್ಟ ಬ್ಯಾಟರಿ. ಮೆಷಿನ್ ಆಫ್ ಇದ್ದರೂ ಅದಕ್ಕೆ ನಿದ್ದೆ ಇಲ್ಲ. ಮುಚ್ಚಳದ ಕೆಳಗೆ ಸಣ್ಣ ಸ್ವಿಚ್‌ಗಳು, ಜೊತೆಗೆ ಹಾವಿನಂತೆ ಸುತ್ತಿ ಸುತ್ತಿ ಹೋಗುವ ಕೂದಲೆಳೆಯಂಥ ತಾಮ್ರದ ಗೆರೆಗಳು. ಒಂದು ಸ್ವಿಚ್ ಮೇಲೆದ್ದರೂ, ಒಂದು ಗೆರೆ ತುಂಡಾದರೂ ಕೀ ತಕ್ಷಣ ಅಳಿಸಿಹೋಗುತ್ತದೆ. ಬಿಚ್ಚಿದವರು ಕಳ್ಳರೋ ಮಾಲೀಕರೋ, ಅದಕ್ಕೇನು ಗೊತ್ತು?

ಇದು ಹಳೇ ಉಪಾಯವೇ. ಇಂಥದೇ ಕೀಗಳನ್ನು ಕಾಯಲು ಕಂಪ್ಯೂಟರ್ ಒಳಗೆ ಹಾಕುವ ಐಬಿಎಂನ 4758 ಅನ್ನೋ ಕಾರ್ಡ್ 1998ರಲ್ಲಿ ಅಮೆರಿಕ ಸರ್ಕಾರದ ಫಿಪ್ಸ್ 140-1 ಅನ್ನೋ ಭದ್ರತಾ ಪರೀಕ್ಷೆಯ ಅತಿ ಮೇಲಿನ 4ನೇ ಹಂತ ಪಾಸಾಯಿತು. ಅದನ್ನು ಜಾಸ್ತಿ ತಣ್ಣಗೆ ಮಾಡಿದರೂ ಕೀ ಅಳಿಸಿಬಿಡುತ್ತಿತ್ತು. ತಮಾಷೆಯಲ್ಲ; ಮೆಮೊರಿ ತುಂಬಾ ತಣ್ಣಗಾದರೆ ಕರೆಂಟ್ ತೆಗೆದ ಮೇಲೂ ಒಳಗಿದ್ದದ್ದು ಸ್ವಲ್ಪ ಹೊತ್ತು ಉಳಿಯುತ್ತದೆ. ಕಳ್ಳನಿಗೆ ಅಷ್ಟು ಸಾಕಲ್ವಾ?

ಮೆಷಿನ್ ಕೊಟ್ಟ ಬ್ಯಾಂಕಿಗೇ ಫೋನ್ ಮಾಡಿ. ಹೊಸ ಕೀ ತುಂಬಿಸಬೇಕು, ಇಲ್ಲವೇ ಮೆಷಿನ್ನೇ ಬದಲಿಸಬೇಕು. ನಿನ್ನೆಯ ಬ್ಯಾಚ್ ಸೆಟಲ್ ಆಗಿದೆಯಾ, ಅಂದ್ರೆ ನಿನ್ನೆ ಕಾರ್ಡ್‌ನಲ್ಲಿ ಬಂದ ಹಣ ಲೆಕ್ಕಕ್ಕೆ ಸೇರಿದೆಯಾ ಅಂತಲೂ ಆಗಲೇ ಕೇಳಿಕೊಳ್ಳಿ. 'ನಾನು ಅನ್‌ಲಾಕ್ ಮಾಡಿಕೊಡ್ತೀನಿ' ಅನ್ನೋ ರಿಪೇರಿಯವರ ಕೈಗೆ ಮಾತ್ರ ಕೊಡಬೇಡಿ.