ಕ್ಯಾಂಪರ್ ವ್ಯಾನ್‌ಗೆ ದೇವಿಮನೆ ಘಟ್ಟವೋ ಅರಬೈಲೋ?

ಜುಲೈನಲ್ಲಿ ಹುಬ್ಬಳ್ಳಿಯಿಂದ ಮುರ್ಡೇಶ್ವರಕ್ಕೆ ಕ್ಯಾಂಪರ್ ವ್ಯಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಗಾಡಿ) ತರಲು ಯಾವ ಘಟ್ಟ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಯಲ್ಲಾಪುರ–ಅರಬೈಲ್–ಅಂಕೋಲಾ, ರಾಷ್ಟ್ರೀಯ ಹೆದ್ದಾರಿ 52. ಶಿರಸಿ–ದೇವಿಮನೆ–ಕುಮಟಾ ದಾರಿ ಚೆಂದ, ಆದರೆ ಎತ್ತರದ ಗಾಡಿಗೆ ತಿರುವುಗಳು ಕಷ್ಟ.

ಅರಬೈಲಿನಲ್ಲಿ ಲಾರಿ ಹೆಚ್ಚು, ಬೆಳಕು ಹರಿದ ಕೂಡಲೇ ಇಳಿಯಿರಿ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ. ಬ್ರೇಕ್ ಒತ್ತಿಹಿಡಿದೇ ಇಳಿದರೆ ಪ್ಯಾಡ್ ಕಾದು ಹಿಡಿತ ತಪ್ಪುತ್ತದೆ; ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ನೀರು ಮಾತ್ರ ಸುರಿಯಬೇಡಿ. 100 ಲೀಟರ್ ನೀರೆಂದರೆ 100 ಕಿಲೋ ಭಾರ, ಗಾಡಿಯ ನೀರಿನ ಟ್ಯಾಂಕನ್ನು ಘಟ್ಟ ಇಳಿದ ಮೇಲೆ ಅಂಕೋಲಾದಲ್ಲೇ ತುಂಬಿಸಿ. ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿರಲಿ.

ಅಂಕೋಲಾದಿಂದ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೋಗುವಾಗ ಶಿರೂರು ಸಿಗುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಲ್ಲೇ. ದಯವಿಟ್ಟು ಗುಡ್ಡದ ಬುಡದಲ್ಲಿ ಚಹಾಕ್ಕೂ ನಿಲ್ಲಿಸಬೇಡಿ.