ಸಂಪಾದಕರ ಉತ್ತರ: ಮೂರು ಡ್ರಾಯರ್, ಎಳೆಯೋ ಕೈ ಒಂದೇ

ನಮಸ್ಕಾರ. ನಿಮ್ಮ ಪತ್ರ ಬಂದು ತುಂಬ ದಿನ ಆಯ್ತು, ತಡವಾಗಿದ್ದಕ್ಕೆ ಕ್ಷಮಿಸಿ. ಬಾಡಿಗೆಯವರು ಕೊಟ್ಟ ಚೆಕ್ಕು ಬ್ಯಾಂಕಿನಿಂದ ವಾಪಸ್ ಬಂದಾಗ ಜೊತೆಗಿದ್ದ ಚೀಟಿಯಲ್ಲಿ ‘ರೆಫರ್ ಟು ಡ್ರಾಯರ್’ ಅಂತ ಇತ್ತು, ಮೇಜಿನ ಖಾನೆಗೂ ಡ್ರಾಯರ್ ಅಂತಾರೆ, ನಮ್ಮ ತಾತ ಹಾಕುತ್ತಿದ್ದ ಚಡ್ಡಿಗೂ ಡ್ರಾಯರ್ ಅಂತಿದ್ದರು, ಚಿತ್ರ ಬರೆಯೋದೂ ಡ್ರಾಯಿಂಗ್, ಇಂಗ್ಲಿಷಿನವರಿಗೆ ಪದಗಳ ಬರವಿತ್ತೇ ಅಂತ ಕೇಳಿದ್ದೀರಿ.

ಬರ ಇರಲಿಲ್ಲ. ಇವೆಲ್ಲದರ ಒಳಗೂ ಇರುವುದು ‘ಎಳೆ’ ಅನ್ನುವ ಒಂದೇ ಕೆಲಸ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಡ್ರಗನ್’ ಅಂದರೆ ಎಳೆಯುವುದು. (ಬೆಂಕಿ ಉಗುಳುವ ಡ್ರ್ಯಾಗನ್‌ಗೂ ಇದಕ್ಕೂ ನಂಟಿಲ್ಲ, ಅದು ಗ್ರೀಕಿನಿಂದ ಬಂದ ಪದ.) ಜನರ ಬಾಯಲ್ಲಿ ನಡುವಿನ ‘ಗ’ ಸವೆದು ಸವೆದು ‘ವ’ ಆಯಿತು, ಪದ ‘ಡ್ರಾ’ ಆಗಿ ಉಳಿಯಿತು. ಕಾನೂನಿಗಿದ್ದ ‘ಲಗು’ ಲಾ ಆದದ್ದು, ಬಿಲ್ಲಿಗಿದ್ದ ‘ಬೊಗ’ ಬೋ ಆದದ್ದು ಹೀಗೆಯೇ. ‘ಡ್ರ್ಯಾಗ್’ ಇದರ ದಾಯಾದಿ, ಅದು ‘ಗ’ ಬಿಟ್ಟುಕೊಡಲಿಲ್ಲ.

ಈಗ ನಿಮ್ಮ ಮೂರು ಡ್ರಾಯರ್. ಹಿಡಿ ಹಿಡಿದು ಎಳೆಯೋ ಪೆಟ್ಟಿಗೆ ಒಂದು. ಕಾಲಿಗೆ ತೂರಿಸಿ ಮೇಲಕ್ಕೆ ಎಳೆದುಕೊಳ್ಳೋ ಚಡ್ಡಿ ಇನ್ನೊಂದು. ಚೆಕ್ಕು ಬರೆದು ಸಹಿ ಹಾಕಿದವರು ಮೂರನೆಯದು, ಅವರ ಖಾತೆಯಿಂದ ತಾನೇ ಹಣ ಎಳೆಯಬೇಕಾದ್ದು! ಬ್ಯಾಂಕಿನ ಚೀಟಿ ಹೇಳುತ್ತಿರುವುದು ಇಷ್ಟೇ: ಬರೆದುಕೊಟ್ಟವರನ್ನೇ ಹೋಗಿ ಕೇಳಿ.

ಚಿತ್ರದ ವಿಷಯ ನಿಮಗೆ ವಿಚಿತ್ರ ಅನಿಸಿದೆ. ಆದರೆ ನಾಳೆ ಬೆಳಿಗ್ಗೆ ಮನೆ ಮುಂದೆ ರಂಗೋಲಿ ಹಾಕುವಾಗ ಸ್ವಲ್ಪ ನಿಂತು ನೋಡಿ. ಹೆಬ್ಬೆರಳು, ತೋರುಬೆರಳಿನ ಸಂದಿಯಿಂದ ಪುಡಿ ಸಣ್ಣಗೆ ಇಳಿಯುತ್ತಾ ಇರುತ್ತದೆ, ಕೈ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಸರಿಯುತ್ತದೆ, ನಾವೂ ಅದಕ್ಕೆ ‘ಗೆರೆ ಎಳೆಯೋದು’ ಅಂತಲೇ ಅನ್ನುತ್ತೇವೆ, ಅಲ್ವಾ? ಅವರೂ ಹಾಗೇ ಅಂದರು. ಅವರು ಬಾವಿಯ ನೀರಿಗೂ, ಸಿಗರೇಟಿನ ಹೊಗೆಗೂ ‘ಡ್ರಾ’ ಅನ್ನುತ್ತಾರೆ. ನಾವು ಎರಡಕ್ಕೂ ‘ಸೇದು’ ಅನ್ನುತ್ತೇವೆ. ಯಾರೂ ಯಾರಿಂದಲೂ ಕಲಿತದ್ದಲ್ಲ. ನನಗೆ ಇಂಥದ್ದು ಕಂಡಾಗ ಆಗುವ ಸಂತೋಷ ಸಣ್ಣದಲ್ಲ. ಡ್ರಾಯಿಂಗ್ ರೂಮಿಗೆ ಮಾತ್ರ ಚಿತ್ರದ ನಂಟಿಲ್ಲ. ಅದು ‘ವಿತ್‌ಡ್ರಾಯಿಂಗ್ ರೂಮ್’, ಅಂದರೆ ಊಟವಾದ ಮೇಲೆ ಗದ್ದಲದಿಂದ ಹಿಂದೆ ಸರಿದು ಕೂರುವ ಕೋಣೆ.

ಇದೇ ಬೇರಿನ ‘draught’ (ಓದುವುದು ‘ಡ್ರಾಫ್ಟ್’ ಅಂತ) ಇನ್ನೂ ದೂರ ಹೋಗಿದೆ. ಅದನ್ನು ಉಚ್ಚಾರಣೆಗೆ ತಕ್ಕಂತೆ ಬರೆದಾಗ ಆದದ್ದೇ ‘draft’. ಪರೀಕ್ಷೆ ಫೀಸಿಗೆ ಅಂತ ಕ್ಯೂನಲ್ಲಿ ನಿಂತು ಡಿಡಿ ತೆಗೆಸಿದವರು ನಮ್ಮಲ್ಲಿ ಎಷ್ಟು ಜನ! ಆ ಎರಡನೇ ಡಿ ಇದೇ. ಗಾಡಿ ಎಳೆಯುವ ಕುದುರೆ, ಪೀಪಾಯಿಯಿಂದ ಬಗ್ಗಿಸಿದ ಬಿಯರು, ಹಡಗಿನ ತಳ ನೀರಲ್ಲಿ ಇಳಿಯುವ ಆಳ, ಕಿಟಕಿ ಸಂದಿಯಿಂದ ಬೀಸುವ ತಣ್ಣನೆ ಗಾಳಿ, ಎಲ್ಲಕ್ಕೂ ಇದೇ ಪದ.

ನೀವು ಕೇಳದಿದ್ದರೂ ಇನ್ನೊಂದು ಹೇಳಲೇಬೇಕು. ಹಳೆಯ ಇಂಗ್ಲಿಷಿನಲ್ಲಿ ಎಳೆಯೋದಕ್ಕೆ ‘ಟೇಓನ್’ ಅಂತ ಮತ್ತೊಂದು ಪದವಿತ್ತು. ಪದ ಸತ್ತಿತು, ಮಕ್ಕಳು ಉಳಿದವು. ಕೆಟ್ಟ ಕಾರನ್ನು ಎಳೆದೊಯ್ಯುವ ‘ಟೋ’, ಹಗ್ಗ ಜಗ್ಗಾಟದ ‘ಟಗ್’ ಈ ಮನೆಯವೇ. ಜರ್ಮನರು ರೈಲಿಗೆ ‘ತ್ಸೂಗ್’ ಅನ್ನುವುದೂ ಇದೇ ಬೇರಿನದು. ನಾವು ದಿನಾ ಹೇಳುವ ‘ಟೀಮ್’ ಕೂಡ! ಮೊದಲು ಟೀಮ್ ಅಂದರೆ ಸಂತಾನ ಅಂತಲೂ ಅರ್ಥ, ಒಟ್ಟಿಗೆ ನೊಗ ಹೊತ್ತು ಎಳೆಯುವ ದನಗಳು ಅಂತಲೂ ಅರ್ಥ. 1086ರಲ್ಲಿ ರಾಜ ವಿಲಿಯಂ ಇಂಗ್ಲೆಂಡಿನ ಆಸ್ತಿಯನ್ನೆಲ್ಲ ಲೆಕ್ಕ ಹಾಕಿಸಿದಾಗ ಯಾವ ಊರಲ್ಲಿ ಎಷ್ಟು ನೇಗಿಲು ಅಂತ ಬರೆಸಿದ. ಸಾಮಾನ್ಯವಾಗಿ ಒಂದು ನೇಗಿಲಿಗೆ 8 ಎತ್ತಿನ ಟೀಮು. ಅಲ್ಲಿನ ಜಿಗುಟು ಮಣ್ಣಿಗೆ ನಮ್ಮ ಹಾಗೆ ಒಂದು ಜೋಡಿ ಸಾಲುತ್ತಿರಲಿಲ್ಲ. ಕ್ರಿಕೆಟ್ ಟೀಮು ಬಂದದ್ದು ಎಷ್ಟೋ ಕಾಲದ ಮೇಲೆ.

ಕೊನೆಗೆ ‘ಪುಲ್’, ಭಾರ ಎಳೆಯೋ ‘ಹಾಲ್’ (haul) ಕೂಡ ಇದೇ ಮನೆತನವೇ ಅಂತ ಕೇಳಿದ್ದೀರಿ. ಅಲ್ಲ. ‘ಪುಲ್’ ಹಳೆಯ ಪದವೇ, ಆದರೆ ಆಗ ಅದು ಗರಿ, ಕೂದಲು ಕೀಳುವಂಥ ಸಣ್ಣ ಕೆಲಸದ ಪದ. ಎಳೆಯೋ ದೊಡ್ಡ ಕೆಲಸಕ್ಕೆಲ್ಲ ‘ಡ್ರಾ’ ಇತ್ತು. ಈಗ ಅದು ಬೇರೆ ಕಡೆ ಹೋಗಿ ‘ಪುಲ್’ ಆ ಜಾಗಕ್ಕೆ ಬಂದು ಕೂತಿದೆ, ಅಂಗಡಿ ಬಾಗಿಲ ಮೇಲೆ ನೋಡಿದರೆ ಗೊತ್ತಾಗುತ್ತೆ. ‘ಹಾಲ್’ ಫ್ರೆಂಚಿನಿಂದ ಬಂದದ್ದು. ಅಲ್ಲಿ ‘ಹಾಲೇ’ ಅಂದರೆ ಹಗ್ಗ ಹಿಡಿದು ಎಳೆಯೋದು, ಹಡಗಿನವರ ಮಾತು.